ಫೋಟೋದಲ್ಲಿ ಇಲ್ಲದ ಪೈಪು

ಅಕ್ಕನ ಮಗ ಕಳಿಸಿದ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ಅಜ್ಜನ ಮನೆಯ ಹಿಂದಿನ ಗುಡ್ಡ, ಅಬ್ಬಿಯ (ಸಣ್ಣ ಜಲಪಾತದ) ನೆತ್ತಿ, ಅಲ್ಲಿರುವ ಮೇಲಿನ ಗುಂಡಿ. ನೀರು ಹಸಿರು ಗಾಜಿನ ಹಾಗಿದೆ. ಅದರಾಚೆ ಬರೀ ಆಕಾಶ, ದೂರದಲ್ಲಿ ಕೊಡಚಾದ್ರಿಯ ಸಾಲು. ಕುತ್ತಿಗೆವರೆಗೆ ನೀರಲ್ಲಿ ನಿಂತು ನಗುತ್ತಿರುವ ನಾಲ್ಕು ಹುಡುಗರು. ಎಷ್ಟು ಚಂದ ಬಂದಿತ್ತು ಅಂದರೆ ನಮ್ಮ ಮನೆಯವರೆಲ್ಲ ಸ್ಟೇಟಸ್‌ಗೆ ಹಾಕಿಕೊಂಡರು. ನಾನೂ ಹಾಕೋಣ ಅಂತಲೇ ತೆರೆದೆ. ಏನೋ ಕಮ್ಮಿ ಇದೆ ಅನ್ನಿಸಿತು. ದೊಡ್ಡದು ಮಾಡಿ ನೋಡಿದೆ. ಎಡಗಡೆ ಬಂಡೆಯ ಮೇಲೆ ಇರಬೇಕಿದ್ದ ಕಪ್ಪು ಪೈಪು ಇರಲಿಲ್ಲ. ಆ ಜಾಗದಲ್ಲಿ ಬಂಡೆಯ ಬಣ್ಣ ಒಂಚೂರು ಕಲಸಿದ ಹಾಗಿತ್ತು. ಈಗಿನ ಫೋನುಗಳಲ್ಲಿ ಬೇಡದ್ದನ್ನು ಬೆರಳಲ್ಲಿ ಉಜ್ಜಿ ಅಳಿಸಬಹುದಲ್ವಾ, ಹಾಗೆ ಅಳಿಸಿದ್ದ.

ಆ ಫೋಟೋ ತೆಗೆದದ್ದು ನಾನೇ, ಅವನ ಫೋನಿನಲ್ಲಿ. ನಾನು ತೆಗೆದಾಗ ಪೈಪು ಅಲ್ಲೇ ಇತ್ತು. ಅದು ಅಜ್ಜನ ಮನೆಗೆ ಕುಡಿಯುವ ನೀರು ತರುವ ಪೈಪು. ಅಡುಗೆಗೆ, ಬಚ್ಚಲಿಗೆ, ಕೊಟ್ಟಿಗೆಗೆ, ಅಡಿಕೆ ಬೇಯಿಸುವ ಹಂಡೆಗೆ ಎಲ್ಲಕ್ಕೂ ಅದೇ. ಆ ಮನೆಯಲ್ಲಿ ಬೋರ್‌ವೆಲ್ ಇಲ್ಲ, ಪಂಪೂ ಇಲ್ಲ. ಇದಾಗಿ ತಿಂಗಳುಗಳಾದವು. ನಾನು ಶಿವಮೊಗ್ಗದ ಮನೆಯಲ್ಲಿ ನಲ್ಲಿ ತಿರುಗಿಸಿದಾಗಲೂ ಆ ಕಲಸಿದ ಬಂಡೆ ನೆನಪಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಒರಳುಗುಂಡಿ

ಹೊಸನಗರ ತಾಲೂಕಿನ ನಗರ, ನಿಟ್ಟೂರು ಊರುಗಳ ಕಡೆ ಮನೆ ಹಿಂದಿನ ಸಣ್ಣ ಜಲಪಾತಕ್ಕೆ ಯಾರೂ ಜಲಪಾತ ಅನ್ನುವುದಿಲ್ಲ. ಅಬ್ಬಿ ಅಷ್ಟೇ. ಹೆಸರೂ ಇರುವುದಿಲ್ಲ. 'ನಮ್ಮ ಅಬ್ಬಿ', 'ಆಚೆಮನೆ ಅಬ್ಬಿ' ಅಂದರೆ ಎಲ್ಲರಿಗೂ ತಿಳಿಯುತ್ತದೆ. ಆದರೆ ಒಂದು ವಿಷಯ ಗಮನಿಸಿದ್ದೀರಾ? ಆಗುಂಬೆ ಹತ್ತಿರ ಜೋಗಿಗುಂಡಿ ಇದೆ. ಕೊಲ್ಲೂರಿನ ಹತ್ತಿರ ಅರಿಶಿನಗುಂಡಿ ಇದೆ. ಎರಡೂ ಕಡೆ ನೀರು ಮೇಲಿಂದ ಬೀಳುತ್ತದೆ, ನೋಡಲು ಹೋಗುವವರು ಅದನ್ನೇ ನೋಡುತ್ತಾರೆ. ಹೆಸರಿಟ್ಟವರ ಕಣ್ಣು ಮಾತ್ರ ಗುಂಡಿಯ ಮೇಲೆ ನಿಂತಿದೆ. ನನಗನ್ನಿಸುವುದು, ಬೀಳುವ ನೀರು ಯಾರ ಕೈಗೂ ಸಿಗುವುದಿಲ್ಲ. ನಿಂತ ನೀರಿಗೆ ಕೊಡಪಾನ ಅದ್ದಬಹುದು. ಎಮ್ಮೆ ಮೀಯಿಸಬಹುದು, ಮಕ್ಕಳಿಗೆ ಈಜು ಕಲಿಸಬಹುದು. ದಿನಾ ಬೇಕಾದ್ದಕ್ಕೆ ಜನ ಹೆಸರಿಡುತ್ತಾರೆ.

ನಮ್ಮ ಅಬ್ಬಿಯ ನೆತ್ತಿಯಲ್ಲಿ ಎರಡು ಗುಂಡಿಗಳಿವೆ. ಬುಡದಲ್ಲಿ ಇನ್ನೊಂದು. ಮೇಲಿನದಕ್ಕೆ ಅಜ್ಜ ಒರಳುಗುಂಡಿ ಅನ್ನುತ್ತಿದ್ದರು. ಸುಮ್ನೆ ಆಕಾರ ನೋಡಿ ಇಟ್ಟ ಹೆಸರು ಅಂತ ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಗುಂಡಿ ಆಗಿದ್ದೇ ಒರಳಿನ ಹಾಗೆ. ಬಂಡೆಯಲ್ಲಿ ಒಂದು ಸಣ್ಣ ತಗ್ಗು ಇರುತ್ತದೆ. ಮಳೆಗಾಲದ ನೀರು ಅಲ್ಲಿ ಸುಳಿ ತಿರುಗುತ್ತದೆ. ಸುಳಿಗೆ ಸಿಕ್ಕ ಕಲ್ಲು ಹೊರಗೆ ಹೋಗಲಾರದೆ ಅಲ್ಲೇ ಸುತ್ತುತ್ತದೆ. ಸುತ್ತಿ ಸುತ್ತಿ ಬಂಡೆಯನ್ನು ಅರೆಯುತ್ತದೆ, ತಾನೂ ಸವೆದು ಗುಂಡಗಾಗುತ್ತದೆ. ಆ ಕಲ್ಲು ಸವೆದು ಹೋದರೆ ಮುಂದಿನ ಮಳೆಗಾಲ ಇನ್ನೊಂದನ್ನು ತಂದು ಹಾಕುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮ ಕಡೆಯೂ ಸುರಿಯುವುದರಲ್ಲಿ ಹಿಂದೆ ಬಿದ್ದಿಲ್ಲ. ಅಂಥ ಮಳೆ ಸಾವಿರಾರು ವರ್ಷ ರುಬ್ಬಿದರೆ ಬಂಡೆಯಲ್ಲೂ ಆಳು ಮುಳುಗುವ ಗುಂಡಿ ಆಗುತ್ತದೆ. ಬೇಸಿಗೆಯಲ್ಲಿ ಮುಳುಗು ಹಾಕಿ ತಳದಿಂದ ಗುಂಡುಕಲ್ಲು ತರುವುದು ನಮಗೆ ಆಟವಾಗಿತ್ತು. ಅಜ್ಜ ನೋಡಿ, ಮತ್ತೆ ಅಲ್ಲೇ ಹಾಕಿಸುತ್ತಿದ್ದರು. 'ರುಬ್ಬುಗುಂಡು ತೆಗೆದ್ರೆ ಒರಳು ಎಂತಕ್ಕೆ?' ಅನ್ನುತ್ತಿದ್ದರು.

ಅಜ್ಜನ ಇನ್ನೊಂದು ಮಾತು ಇನ್ನೂ ಮುಖ್ಯ. ಮೇಲಿನದು ಬಾಯಿಗೆ, ನಡುವಿನದು ಮೈಗೆ, ಕೆಳಗಿನದು ಎಮ್ಮೆಗೆ. ಮೇಲಿನ ಗುಂಡಿಗೆ ಮಕ್ಕಳು ಇಳಿಯಬಹುದಾಗಿದ್ದು ವರ್ಷದಲ್ಲಿ ಒಂದೇ ದಿನ, ಮಳೆಗಾಲಕ್ಕೆ ಮುಂಚೆ ಗುಂಡಿಯ ತರಗೆಲೆ, ಹೂಳು ತೆಗೆಯುವ ದಿನ. ಗುಂಡುಕಲ್ಲಿನ ಆಟ ಆ ದಿನದ್ದು. ಉಳಿದ ದಿನಗಳಲ್ಲಿ ನಮ್ಮ ಈಜು, ಜಗಳ, ನೀರೆರಚಾಟ ಎಲ್ಲಾ ನಡುವಿನ ಗುಂಡಿಯಲ್ಲಿ. ಸೋಪು ಅಲ್ಲಿಗೂ ಇಲ್ಲ, ಅದು ಬಚ್ಚಲಿಗೆ. ಇದನ್ನು ಯಾರೂ ಬೋರ್ಡು ಬರೆದು ಹಾಕಿರಲಿಲ್ಲ. ಗುಡ್ಡದ ಕೆಲಸಕ್ಕೆ ಬರುವವರು, ಸೊಪ್ಪಿಗೆ ಬರುವವರು, ಆಚೆಮನೆಯವರು ಎಲ್ಲರಿಗೂ ಗೊತ್ತಿತ್ತು.

ಪೈಪು ಬರುವ ಮುಂಚೆ ಅಡಿಕೆ ದಬ್ಬೆ ಇತ್ತು. ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ತಿರುಳು ತೆಗೆದರೆ ದಬ್ಬೆ. ಕವೆಗೋಲು ನೆಟ್ಟು ಒಂದರ ಬಾಯಿಗೆ ಇನ್ನೊಂದನ್ನು ಇಟ್ಟು ಮೇಲಿಂದ ಹಿತ್ತಿಲ ತೊಟ್ಟಿಯವರೆಗೆ ತರುತ್ತಿದ್ದರು. ಮಂಗ ಹಾರಿದರೆ ಬಿತ್ತು, ದನ ತಿಕ್ಕಿದರೆ ಬಿತ್ತು, ಮಳೆಗಾಲದಲ್ಲಿ ಕೊಳೆತರೆ ಬಿತ್ತು. ಬಿದ್ದ ದಿನ ಅತ್ತೆ ಹಳ್ಳಕ್ಕಿಳಿದು ಹೊತ್ತು ತರಬೇಕು. ಸೊಂಟಕ್ಕೊಂದು, ತಲೆಗೊಂದು ಕೊಡಪಾನ. ಅತ್ತೆಗೆ ಈಗ 66 ವರ್ಷ. ಕಪ್ಪು ಪೈಪು ಬಂದ ವರ್ಷವನ್ನು ಅವರು ತಮ್ಮ ಮಕ್ಕಳು ಹುಟ್ಟಿದ ವರ್ಷದ ಹಾಗೇ ನೆನಪಿಟ್ಟಿದ್ದಾರೆ. ಮೊದಲ ದಿನ ನಲ್ಲಿ ತಿರುಗಿಸಿ, ನೀರು ಬಂದು, ಬಂದು, ನಿಲ್ಲದೇ ಬಂದಾಗ ಅಡುಗೆಮನೆಯಲ್ಲಿ ಒಬ್ಬರೇ ನಿಂತು ಅತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಅತ್ತೆಯೇ, ತುಂಬಾ ವರ್ಷದ ಮೇಲೆ.

ನೀರಿನ ಬಣ್ಣ

ಅಬ್ಬಿ ನೆತ್ತಿಗೆ ಮನೆಯಿಂದ ಮುಕ್ಕಾಲು ಗಂಟೆ ದಾರಿ. ದಣಪೆ ದಾಟಿ, ತೋಟದ ಸಂಕ ದಾಟಿ, ಸೊಪ್ಪಿನಬೆಟ್ಟ ಹತ್ತಿದರೆ ಕಾಡು ಶುರು. ಮಳೆಗಾಲದಲ್ಲಿ ಉಂಬಳ, ಅಂದರೆ ಜಿಗಣೆ. ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡರೂ ಎರಡು ಮೂರು ಹತ್ತಿಯೇ ಹತ್ತುತ್ತವೆ, ಅದೇನು ದೊಡ್ಡ ವಿಷಯವಲ್ಲ. ಬೇಸಿಗೆಯ ಉಣುಗು, ಅಂದರೆ ಉಣ್ಣೆ ಹುಳ, ದೊಡ್ಡ ವಿಷಯ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಉಣುಗಿನಿಂದಲೇ ಬರುವುದು. ಗುಂಡಿಯ ನೀರು ತಿಳಿಯಾಗಿ, ಈಜಲು ಚೆನ್ನಾಗಿರುವ ಜನವರಿ, ಫೆಬ್ರವರಿ, ಮಾರ್ಚಿಯೇ ಉಣುಗಿನ ಕಾಲವೂ ಹೌದು. ಮಂಗ ಸತ್ತ ಸುದ್ದಿ ಇದ್ದರೆ ಆ ದಿಕ್ಕಿಗೆ ಹೋಗುವುದೇ ಇಲ್ಲ. ಹಾಗಾಗಿ ನಮಗೆ ಸಿಗುತ್ತಿದ್ದದ್ದು ಹಬ್ಬದ ಸುತ್ತಿನ ದಿನಗಳು, ಮಳೆ ಹಿಂದೆ ಸರಿದು ಚಳಿ ಇನ್ನೂ ಕೂರದ ಹೊತ್ತು.

ನನಗೆ ಆಗ ಒಂಬತ್ತೋ ಹತ್ತೋ ವರ್ಷ. ಚಿತ್ತಾ ಮಳೆಯ ದಿನಗಳು, ಅಕ್ಟೋಬರ್ ನಡುವಿನ ಹೊತ್ತು. ನಾವು ಐದಾರು ಮಕ್ಕಳು ನಡುವಿನ ಗುಂಡಿಯಲ್ಲಿದ್ದೆವು. ಬಿಸಿಲು ಚೆನ್ನಾಗಿತ್ತು. ಅಜ್ಜ ದಡದ ಬಂಡೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನನ್ನ ಮುಂದೆ ಒಂದು ಒಣ ಎಲೆ ತೇಲಿ ಬಂತು. ಅದರ ಹಿಂದೆ ಎರಡು. ಆಮೇಲೆ ಒಂದು ಹಿಡಿ ಕಸಕಡ್ಡಿ, ನಡುವೆ ಸಣ್ಣ ನೊರೆ. ಅಜ್ಜ ಬಾಯಲ್ಲಿದ್ದ ಎಲೆ ಉಗಿದು 'ಏಳಿ' ಅಂದರು. ಕೂಗಲಿಲ್ಲ. ಆದರೆ ಆ ಧ್ವನಿಗೆ ಯಾರೂ ಎರಡನೇ ಮಾತು ಆಡಲಿಲ್ಲ. ನಾವು ಬಟ್ಟೆ ಎತ್ತಿಕೊಂಡು ಮೇಲಿನ ಒಣ ಬಂಡೆ ಹತ್ತಿದೆವು. ಹತ್ತಿ ತಿರುಗಿ ನೋಡುವಷ್ಟರಲ್ಲಿ ಹಳ್ಳದ ಸದ್ದು ಬೇರೆಯಾಗಿತ್ತು, ದಪ್ಪಗಾಗಿತ್ತು. ನೀರು ಚಾದ ಬಣ್ಣಕ್ಕೆ ತಿರುಗಿತು. ಸ್ವಲ್ಪ ಹೊತ್ತಿಗೆ ಅಜ್ಜ ಕೂತಿದ್ದ ಕಲ್ಲು ಕಾಣಲಿಲ್ಲ. ನಮ್ಮ ತಲೆಯ ಮೇಲೆ ಆಗಲೂ ಬಿಸಿಲೇ ಇತ್ತು. ಮಳೆ ಮೇಲೆಲ್ಲೋ, ನಮಗೆ ಕಾಣದ ಗುಡ್ಡದಲ್ಲಿ ಹೊಡೆದಿತ್ತು. ಅಜ್ಜ ಅಷ್ಟೇ ಹೇಳಿದರು: 'ಆಕಾಶ ನೋಡ್ಬೇಡಿ, ನೀರಿನ ಬಣ್ಣ ನೋಡಿ.'

ಇವತ್ತು ಯಾರೇ ಅಬ್ಬಿಯ ತುದಿಗೆ ಹೋಗುತ್ತೇನೆ ಅಂದರೂ ನನಗೆ ಆ ಒಣ ಎಲೆ ಕಾಣುತ್ತದೆ. ತುದಿಯಲ್ಲಿ ನೀರು ಎಷ್ಟು ಶಾಂತ ಇರುತ್ತದೆ ಅಂದರೆ ಹತ್ತು ಹೆಜ್ಜೆಯಾಚೆ ಪ್ರಪಾತ ಇದೆ ಅಂತ ಮೈಗೆ ಗೊತ್ತೇ ಆಗುವುದಿಲ್ಲ. ಅಂಚಿನ ನೀರು ಪಾದ ಮುಳುಗುವಷ್ಟೇ ಇರುತ್ತದೆ, ಅದರಡಿ ಪಾಚಿ ಇರುತ್ತದೆ. ಒರಳುಗುಂಡಿಯಂಥದ್ದರ ಒಳಗೋಡೆಯೂ ಹಾಗೇ, ಅರೆದು ಅರೆದು ನುಣುಪಾಗಿ ಕೈಗೆ ಹಿಡಿತ ಸಿಗುವುದಿಲ್ಲ. ಇಳಿಯುವುದು ಸುಲಭ, ಹತ್ತುವುದು ಕಷ್ಟ. 2023ರ ಜುಲೈನಲ್ಲಿ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಒಬ್ಬ ಹುಡುಗ ಕಾಲು ಜಾರಿ ನೀರಿಗೆ ಬಿದ್ದು ಹೋದ. ಆ ವಿಡಿಯೋ ಊರೆಲ್ಲಾ ಓಡಾಡಿತು. ನಾನು ಒಂದು ಸಲ ನೋಡಿದೆ, ಮತ್ತೆ ನೋಡಲು ಆಗಲಿಲ್ಲ. ನಮ್ಮ ಮನೆಯ ಮಕ್ಕಳದ್ದೇ ವಯಸ್ಸು. ಮಳೆಗಾಲದಲ್ಲಿ ಹಿಡ್ಲುಮನೆ ಜಲಪಾತದಂಥ ಕಡೆ ಅರಣ್ಯ ಇಲಾಖೆಯವರು ದಾರಿ ಮುಚ್ಚಿದಾಗ ಬೈಯುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಮುಚ್ಚಲಿ. ಅಬ್ಬಿ ಎಲ್ಲಿಗೂ ಹೋಗುವುದಿಲ್ಲ.

ಆ ಶನಿವಾರ

ದೀಪಾವಳಿ ಮುಗಿದ ಮೇಲಿನ ಶನಿವಾರ ಅಕ್ಕನ ಮಗ ಮೂವರು ಗೆಳೆಯರನ್ನು ಕರೆದುಕೊಂಡು ಬೆಂಗಳೂರಿನಿಂದ ಬಂದಿದ್ದ. ಒಳ್ಳೆಯ ಹುಡುಗರು. ಅಂಗಳದಲ್ಲಿ ಅಡಿಕೆ ಹರವಿದ್ದು ನೋಡಿ ತುಳಿಯದೆ ಸುತ್ತಿ ಬಂದರು. ಅತ್ತೆ ಹಾಕಿದ ಕೊಟ್ಟೆ ಕಡುಬು ನಾಚದೆ ತಿಂದರು. ಗುಡ್ಡ ಹತ್ತುವಾಗ ದಾರಿಯಲ್ಲಿ ಯಾರೋ ಎಸೆದಿದ್ದ ಎರಡು ಬಾಟಲಿ, ಚಿಪ್ಸ್ ಕವರು ಆರಿಸಿ ತಮ್ಮ ಬ್ಯಾಗಿಗೆ ಹಾಕಿಕೊಂಡರು. ನನಗೆ ತುಂಬಾ ಖುಷಿಯಾಯಿತು. ದೊಡ್ಡಮಾವನಿಗೆ ಕೊನೆಕೊಯ್ಲಿನ ಆಳುಗಳಿದ್ದರು, ಅವರು ಬರಲಿಲ್ಲ. ನಾನೇ ಮುಂದೆ ನಡೆದೆ.

ನಡುವಿನ ಗುಂಡಿ ತೋರಿಸಿ 'ಇಲ್ಲೇ ಈಜೋದು' ಅಂದೆ. ಒಬ್ಬ ಹುಡುಗ ಆಗಲೇ ಮೇಲಿನ ಬಂಡೆ ಹತ್ತಿ ಕೂಗಿದ, ಇಲ್ಲಿ ನೋಡ್ರೋ ಅಂತ. ಎಲ್ಲರೂ ಓಡಿದರು. ನಿಜ ಹೇಳಬೇಕು ಅಂದರೆ, ಅಲ್ಲಿ ನಿಂತವರಿಗೆ ಇಳಿಯಬೇಡಿ ಅನ್ನಲು ಮನಸ್ಸು ಬರುವುದಿಲ್ಲ. ಬೆಳಗಿನ ಬಿಸಿಲು ನೇರ ತಳದವರೆಗೆ ಹೋಗುತ್ತದೆ. ಗುಂಡುಕಲ್ಲುಗಳು ಒಂದೊಂದೂ ಕಾಣುತ್ತವೆ. ಸಣ್ಣ ಮೀನುಗಳ ನೆರಳು ಮೀನಿಗಿಂತ ದೊಡ್ಡದಾಗಿ ತಳದಲ್ಲಿ ಓಡಾಡುತ್ತದೆ. ಅಜ್ಜನ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂತು. ಅಷ್ಟು ದೂರದಿಂದ ಬಂದಿದ್ದಾರೆ, ಒಂದು ದಿನ ಅಲ್ವಾ, ಹರಿಯುವ ನೀರು ಅಲ್ವಾ ಅಂದುಕೊಂಡೆ. ಹೇಳಲಿಲ್ಲ. ಬಿಸಿಲಿಗೆ ಹಚ್ಚಿಕೊಂಡ ಕ್ರೀಮು ಅವರ ಭುಜದ ಸುತ್ತ ನೀರಿನ ಮೇಲೆ ಎಣ್ಣೆಯ ಹಾಗೆ ಹರಡಿತು. ಕಾಮನಬಿಲ್ಲಿನ ಬಣ್ಣದ ತೆಳು ಪೊರೆ. ಅದು ನಿಧಾನ ತೇಲಿ ಪೈಪಿನ ಬಾಯಿ ಇರುವ ಮೂಲೆಗೆ ಹೋಗಿ ನಿಂತದ್ದನ್ನು ನಾನು ನೋಡಿದೆ. ಮೇಲೆ ಬರುವಾಗ ಒಳಗೋಡೆ ಜಾರಿತು. ಒಬ್ಬೊಬ್ಬರಾಗಿ ಪೈಪನ್ನೇ ಹಗ್ಗದ ಹಾಗೆ ಹಿಡಿದು ಹತ್ತಿದರು. ಅದನ್ನೂ ನೋಡಿದೆ. ಬಿದ್ದು ಏಟಾಗುವುದಕ್ಕಿಂತ ಇದು ವಾಸಿ ಅನ್ನಿಸಿತು. ನಾಲ್ಕು ಗಂಟೆಗೆ ಅವರು ಊಟ, ಕಾಫಿ ಮುಗಿಸಿ ಕಾರು ಹತ್ತಿ ಹೋದರು.

ಫೋಟೋ ಬಂದದ್ದು ಒಂದು ವಾರದ ಮೇಲೆ. ಎರಡು ದಿನ ಸುಮ್ಮನಿದ್ದು ಆಮೇಲೆ ಫೋನು ಮಾಡಿದೆ. ಬೇಜಾರು ತೋರಿಸಬಾರದು ಅಂತಲೇ ಕೇಳಿದೆ, ಪೈಪು ಯಾಕೆ ಅಳಿಸಿದೆಯೋ ಅಂತ.

'ಯಾವ ಪೈಪು ಚಿಕ್ಕಮ್ಮ?'

'ಎಡಗಡೆ ಬಂಡೆ ಮೇಲಿತ್ತಲ್ಲ, ಕಪ್ಪುದು. ನೀವು ಹಿಡ್ಕೊಂಡು ಹತ್ತಿದ್ರಲ್ಲ.'

'ಓ, ಅದಾ? ಯಾರೋ ಬಿಸಾಡಿದ ಪ್ಲಾಸ್ಟಿಕ್ಕು ಅನ್ಕೊಂಡೆ. ಅಂಥ ಜಾಗದಲ್ಲಿ ಕಸ ನೋಡೋಕೆ ಬೇಜಾರಾಯ್ತು, ಅದಕ್ಕೆ ತೆಗೆದೆ.'

ಅದು ನೀನು ಕುಡಿದ ಕಾಫಿಯ ನೀರು ಕಣೋ ಅಂದೆ. ಆ ಕಡೆ ತುಂಬಾ ಹೊತ್ತು ಮಾತಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದ, 'ನಾವು ಇಳಿದಿದ್ದು ಕುಡಿಯೋ ನೀರಿಗಾ? ನೀವ್ಯಾಕೆ ಹೇಳ್ಲಿಲ್ಲ ಚಿಕ್ಕಮ್ಮ?'

ಅವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಟಲಿ ಆರಿಸಿದ ಹುಡುಗ ಅವನು. ಹೇಳಿದ್ದರೆ ಖಂಡಿತ ನಡುವಿನ ಗುಂಡಿಗೆ ಇಳಿಯುತ್ತಿದ್ದ, ಗೆಳೆಯರನ್ನೂ ಇಳಿಸುತ್ತಿದ್ದ. ಅಜ್ಜ ನಮಗೆ ಹೇಳಿದ್ದರು, ಅದಕ್ಕೆ ನಮಗೆ ಗೊತ್ತಿತ್ತು. ಅವನಿಗೆ ಯಾರು ಹೇಳಬೇಕಿತ್ತು? ಬೆಟ್ಟದ ತುದಿ ಅಂದರೆ ಯಾರೂ ಇಲ್ಲದ ಜಾಗ, ಯಾರೂ ಮುಟ್ಟದ ನೀರು ಅಂತ ಅವನು ಎಷ್ಟೋ ಫೋಟೋ, ವಿಡಿಯೋಗಳಲ್ಲಿ ನೋಡಿದ್ದಾನೆ. ಆ ಫೋಟೋಗಳಲ್ಲೂ ಎಷ್ಟು ಪೈಪು ಇದ್ದವೋ, ಎಷ್ಟು ಅಳಿಸಿಹೋದವೋ. ಮಲೆನಾಡಿನಲ್ಲಿ ಅಬ್ಬಿ ನೀರು ನಂಬಿದ ಮನೆ ನಮ್ಮದೊಂದೇ ಅಲ್ಲ. ನಮ್ಮ ಹಳ್ಳದ ನೀರು ತೊಟ್ಟಿ ತುಂಬಿ, ತೋಟದ ಕಾಲುವೆ ಹಾದು, ಶರಾವತಿ ಸೇರಿ ಲಿಂಗನಮಕ್ಕಿ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿಂದ ಕರೆಂಟಾಗಿ ಅವನ ರೂಮಿಗೂ ಹೋಗುತ್ತದೆ. ನಾವು ತುದಿ ಅಂದುಕೊಂಡು ನಿಂತ ಜಾಗ ಎಷ್ಟೋ ಜನರ ನಲ್ಲಿಯ ಬಾಯಿ.

ಕೂ

ಆ ಶನಿವಾರ ಸಂಜೆ ಆದದ್ದನ್ನು ಅವನಿಗೆ ಫೋನಿನಲ್ಲಿ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಓದಲಿ.

ಹುಡುಗರ ಕಾರು ಹೋಗಿ ಒಂದು ಗಂಟೆಯಾಗಿರಬಹುದು. ಒಲೆಯ ಮೇಲೆ ಅಡಿಕೆ ಬೇಯಿಸುವ ಹಂಡೆ ಇತ್ತು. ಸುಲಿದ ಅಡಿಕೆ ಬುಟ್ಟಿಯಲ್ಲಿ ಕಾಯುತ್ತಿತ್ತು. ನಲ್ಲಿ ಒಂದು ಸಲ ಕೆಮ್ಮಿತು, ಗಾಳಿ ಉಗುಳಿತು, ನಿಂತಿತು. ಅತ್ತೆ ಏನೂ ಅನ್ನಲಿಲ್ಲ. ನಲ್ಲಿಯ ಬಾಯಿಗೆ ಅಂಗೈ ಹಿಡಿದು ಸುಮ್ಮನೆ ನಿಂತರು. ದೊಡ್ಡಮಾವ ಟಾರ್ಚು, ಕತ್ತಿ, ಹಳೆ ಸೈಕಲ್ ಟ್ಯೂಬಿನ ಪಟ್ಟಿ ತೆಗೆದುಕೊಂಡು ಹೊರಟರು. ಅವರಿಗೆ 71. ನಾನೂ ಹಿಂದೆ ಹೊರಟೆ. ಬೆಳಿಗ್ಗೆಯಿಂದ ಆಳುಗಳ ಜೊತೆ ನಿಂತೇ ಇದ್ದವರು, ದಾರಿಯಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಎರಡನೇ ಸಲ ನಿಂತಾಗ ಕೇಳಿದರು, 'ಹುಡುಗ್ರು ಚೆನ್ನಾಗಿ ಈಜಿದ್ರಾ?' ಹೌದು ಮಾವ ಅಂದೆ. 'ಪಾಪ, ಅಲ್ಲಿ ಅವರಿಗೆ ಎಂತ ಇದೆ' ಅಂದರು.

ಗುಂಡಿಯಲ್ಲಿ ಪೈಪಿನ ಬಾಯಿ ನೀರಿನಿಂದ ಹೊರಗೆ ಬಂದು ಬಂಡೆಯ ಮೇಲೆ ಬಿದ್ದಿತ್ತು. ಬಾಯಿಗೆ ಕಟ್ಟಿದ್ದ ಬಲೆ ಹರಿದಿತ್ತು. ಮಾವ ಟಾರ್ಚು ನನ್ನ ಕೈಗೆ ಕೊಟ್ಟು ಕೂತರು. ಪೈಪಿನ ತುದಿಯಲ್ಲಿ ಒಂದು ಮೊಳ ಉದ್ದಕ್ಕೆ ಸಣ್ಣ ಸಣ್ಣ ತೂತು ಕೊರೆದಿದ್ದರು. ಒಂದೊಂದರಲ್ಲೂ ಕಡ್ಡಿ ಹಾಕಿ ಕಸ ತೆಗೆದರು. ಪಂಚೆಯ ಅಂಚು ಹರಿದು ಅದಕ್ಕೆ ಎರಡು ಸುತ್ತು ಸುತ್ತಿದರು, ರಬ್ಬರ್ ಪಟ್ಟಿ ಹಲ್ಲಲ್ಲಿ ಎಳೆದು ಬಿಗಿ ಕಟ್ಟಿದರು. ಆಮೇಲೆ ಬಾಯಿಯನ್ನು ನೀರಿನ ನಡುಮಟ್ಟಕ್ಕೆ ಇಳಿಸಿ ಎರಡೂ ಕಡೆ ಕಲ್ಲು ಕೊಟ್ಟರು. ತಳಕ್ಕೆ ಇಟ್ಟರೆ ಮರಳು ಹೋಗುತ್ತದೆ, ಮೇಲೆ ಇಟ್ಟರೆ ಎಲೆ. ಅಷ್ಟಾದರೂ ಸದ್ದಿಲ್ಲ. ಪೈಪಿಗೆ ಗಾಳಿ ಹಿಡಿದಿದೆ ಅಂದರು. ಇಪ್ಪತ್ತು ಮಾರು ಕೆಳಗೆ ಪೈಪು ಒಂದು ಬಂಡೆ ಹತ್ತಿ ಇಳಿಯುತ್ತದೆ. ಆ ಉಬ್ಬಿನಲ್ಲಿ ಗಾಳಿ ಕೂತರೆ ನೀರು ದಾಟುವುದಿಲ್ಲ. ಅಲ್ಲಿನ ಜೋಡಣೆ ಬಿಚ್ಚಿ ಮಾವ ಬಾಯಿ ಇಟ್ಟು ಎಳೆದರು. ಎರಡು ಸಲ ಎಳೆದು ಎದೆ ಹಿಡಿದುಕೊಂಡು ಕೂತರು. ನಾನು ಎಳೀತೀನಿ ಮಾವ ಅಂದೆ. 'ಮೆಲ್ಲಗೆ ಮಾರಾಯ್ತಿ, ಒಮ್ಮೆಲೇ ನುಗ್ಗುತ್ತೆ' ಅಂದರು. ಪ್ಲಾಸ್ಟಿಕ್ಕಿನ ರುಚಿ, ಪಾಚಿಯ ರುಚಿ. ಮೊದಲ ಸಲ ಬರೀ ಗಾಳಿ. ಎರಡನೇ ಸಲ ಒಳಗೆಲ್ಲೋ ಗುಳುಗುಳು. ಮೂರನೇ ಸಲಕ್ಕೆ ಐಸಿನಷ್ಟು ತಣ್ಣಗಿನ ನೀರು ಬಾಯಿಗೆ, ಮೂಗಿಗೆ, ಸೆರಗಿಗೆ ನುಗ್ಗಿತು. ಮಾವ ತಟ್ಟನೆ ಜೋಡಣೆ ಒತ್ತಿ ಹಿಡಿದು ಪಟ್ಟಿ ಕಟ್ಟಿದರು. ಪೈಪಿನ ಮೇಲೆ ಕೈ ಇಟ್ಟರೆ ಒಳಗೆ ನೀರು ಓಡುವುದು ಅಂಗೈಗೆ ತಿಳಿಯುತ್ತಿತ್ತು.

ಆ ಗುಡ್ಡದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಮುಂಚಿನಿಂದಲೂ ಇರುವುದು ಕೂ ಹಾಕುವುದೇ. ಕೆಳಗಿನಿಂದ ಒಂದು ಕೂ ಅಂದರೆ ನೀರು ಬಂತು. ಎರಡು ಅಂದರೆ ಬಂದು ನಿಂತಿತು, ಮತ್ತೆ ನೋಡಿ ಅಂತ. ಮಾವ ಟಾರ್ಚು ಆರಿಸಿದರು. ಕತ್ತಲಲ್ಲಿ ಜೀರುಂಡೆ, ಅಬ್ಬಿಯ ಸದ್ದು. ಎಷ್ಟು ಹೊತ್ತು ಕೂತೆವೋ. ತೋಟದಾಚೆಯಿಂದ, ತುಂಬಾ ಕೆಳಗಿನಿಂದ ಅತ್ತೆಯ ಧ್ವನಿ ಸಣ್ಣಗೆ ಹತ್ತಿ ಬಂತು.

ಕೂ...

ಮಾವ ಎದ್ದೇಳಲಿಲ್ಲ. ನಾನೂ ಉಸಿರು ಹಿಡಿದು ಕೂತೆ. ಎರಡನೆಯದು ಬರಲಿಲ್ಲ.

'ನಡಿ' ಅಂದರು ಮಾವ, 'ಅಡಿಕೆ ಹಂಡೆಗೆ ಬೀಳೋ ಹೊತ್ತಾಯ್ತು.'